ದಾಸವಾಳದ ಹಿಂದೆ ಹೊಂಚು

ನಾನು ಯುದ್ಧಕ್ಕೆ ಹೋದವನಲ್ಲ. ಆದರೂ ಹಳೇಬೀಡಿನ ಶಾಲೆಯಲ್ಲಿ ಚರಿತ್ರೆ ಪಾಠ ಹೇಳುವವನಾದ್ದರಿಂದ ಹೊಂಚುದಾಳಿಯ ವಿಷಯದಲ್ಲಿ ನನಗೆ ಎಲ್ಲವೂ ಗೊತ್ತೆಂದು ನಂಬಿದ್ದೆ. ಶತ್ರು ಬರುವ ದಾರಿ ನಮಗೆ ಗೊತ್ತಿರಬೇಕು, ನಾವಿರುವ ಜಾಗ ಅವನಿಗೆ ಗೊತ್ತಿರಬಾರದು. ಹಾಗಿದ್ದರೆ ಬೆರಳೆಣಿಕೆಯ ಜನ ದೊಡ್ಡ ಸೈನ್ಯವನ್ನೇ ಹಣ್ಣುಗಾಯಿ ಮಾಡಬಹುದು ಎಂದು ಮೇಜು ಗುದ್ದಿ ಹೇಳುತ್ತಿದ್ದೆ. ಸಿಕ್ಕಿಬಿದ್ದ ಶತ್ರುವನ್ನು ಆಮೇಲೆ ಏನು ಮಾಡಬೇಕೆಂಬುದು ಮಾತ್ರ ಯಾವ ಪಾಠದಲ್ಲೂ ಇರಲಿಲ್ಲ.

ನಮ್ಮ ಹಿತ್ತಲಲ್ಲಿ ಒಂದು ಕೆಂಪು ದಾಸವಾಳವಿತ್ತು. ನನ್ನ ಹೆಂಡತಿ ಲಲಿತ ಜಾವಗಲ್ಲಿನ ತವರಿನಿಂದ ಕಡ್ಡಿ ತಂದು ನೆಟ್ಟದ್ದು. ತಾಯಿ ತೀರಿಕೊಂಡ ಮೇಲೆ ಅವಳಿಗೆ ಆ ಗಿಡವೆಂದರೆ ಪ್ರಾಣ. ಅದೇನೋ ಮೈತುಂಬ ಹೂ ಬಿಟ್ಟಿತು. ಆದರೆ ಬೆಳಗಾಗುವಷ್ಟರಲ್ಲಿ ಯಾರೋ ಒಂದೂ ಉಳಿಸದೆ ಕೊಯ್ದುಕೊಂಡು ಹೋಗುತ್ತಿದ್ದರು.

"ಅಮ್ಮನ ಗಿಡ ಕಣ್ರೀ. ಒಂದು ಹೂವಾದ್ರೂ ನನ್ನ ಕೈಯಿಂದ ದೇವರಿಗೆ ಏರಿಸ್ಬೇಡ್ವೇ?" ಎಂದು ಅವಳು ಕಣ್ಣೊರೆಸಿಕೊಂಡದ್ದು ನನಗೆ ನಾಟಿತು. "ಮಕ್ಕಳಿಗೆ ದಂಡಯಾತ್ರೆ ಹೇಳ್ಕೊಡ್ತೀರಿ, ಒಬ್ಬ ಹೂಕಳ್ಳನ್ನ ಹಿಡಿಯೋಕಾಗಲ್ಲ" ಎಂದದ್ದು ಇನ್ನೂ ಚೆನ್ನಾಗಿ ನಾಟಿತು.

ಮರುದಿನ ನಸುಕಿನಲ್ಲಿ, ಮುಖವನ್ನೂ ತೊಳೆಯದೆ, ಕಂಬಳಿ ಹೊದ್ದು ಗಿಡದ ಹಿಂದೆ ಕುಳಿತೆ. ಸೊಳ್ಳೆಗಳು ನನಗಿಂತ ಮೊದಲೇ ಅಲ್ಲಿ ಹೊಂಚು ಹಾಕಿದ್ದವು. ಕೊನೆಗೆ ಬೇಲಿ ಸರಿಯಿತು. ಬಿಳಿಯ ಆಕಾರವೊಂದು ಬಂದು ಬುಟ್ಟಿ ತುಂಬಿಸತೊಡಗಿತು. ನಾನು ಹಾರಿ ಎರಡೂ ಕೈಗಳಿಂದ ಅವುಚಿ ಹಿಡಿದೆ. ಮೈ ತಣ್ಣಗಿತ್ತು, ಪಂಚೆ ಒದ್ದೆಯಾಗಿತ್ತು. ನೋಡಿದರೆ ಪಕ್ಕದ ಬೀದಿಯ ಜೋಯಿಸರು! ಊರಿನ ಮದುವೆ ಮುಂಜಿಗಳಿಗೆಲ್ಲ ಮುಹೂರ್ತ ಇಟ್ಟುಕೊಡುವ ಹಿರಿಯರು. ಸ್ನಾನ ಮಾಡಿ, ಮಡಿಯಲ್ಲಿ ಪೂಜೆಗೆ ಹೂ ಕೊಯ್ಯಲು ಬಂದಿದ್ದರು.

"ಅಯ್ಯೋ, ಹಾಸಿಗೆಯಿಂದ ಎದ್ದ ಮೈಯಲ್ಲಿ ಮುಟ್ಟಿಬಿಟ್ಟೆಯಲ್ಲೋ!" ಎಂದು ಅವರು ಕೂಗಿದರು. ದೇವರಿಗೆಂದು ಕೊಯ್ದರೆ ಅದು ಕಳವಲ್ಲ ಎಂಬುದು ಅವರ ನಂಬಿಕೆ. ಮಡಿ ಕೆಡಿಸಿದ್ದು ಮಾತ್ರ ಮಹಾಪರಾಧ. ಕಳ್ಳನನ್ನು ಹಿಡಿದ ನಾನೇ ಕೈಮುಗಿದು ಕ್ಷಮೆ ಕೇಳಿದೆ. "ಮೊದಲು ನೀನು ಸ್ನಾನ ಮಾಡು. ಆಮೇಲೆ ನನಗೆ ನೀರು ಸೇದು" ಎಂದು ಅಪ್ಪಣೆಯಾಯಿತು. ಬಾವಿಕಟ್ಟೆಯ ಮೇಲೆ ನಡುಗುತ್ತ ಎರಡನ್ನೂ ಮಾಡಿದೆ.

ಗಲಾಟೆಗೆ ಹೊರಗೆ ಬಂದ ಲಲಿತ ಒಂದು ಕ್ಷಣ ನೋಡಿ, "ಜೋಯಿಸರೇ, ನಾಳೆಯಿಂದ ನಿಮಗೆ ಬೇಲಿ ದಾಟೋ ಕಷ್ಟ ಬೇಡ. ನಾನೇ ಮಡಿಯಲ್ಲಿ ಬಿಡಿಸಿ, ನಮ್ಮ ದೇವರಿಗೆ ಇಟ್ಕೊಂಡು, ಉಳಿದದ್ದು ಕಳಿಸಿಕೊಡ್ತೀನಿ" ಎಂದಳು.

"ಆಗಲಿ ಕಣಮ್ಮ. ಸೂರ್ಯ ಹುಟ್ಟೋ ಮುಂಚೆ ಬಂದ್ರೆ ಸರಿ" ಎಂದರು ಅವರು.

ಈಗ ಅಮ್ಮನ ಹೂ ನಮ್ಮ ದೇವರ ಪಟದ ಮೇಲೆ ಏರುತ್ತಿದೆ. ಅದನ್ನು ನೋಡುವಾಗಿನ ಲಲಿತಳ ಮುಖ ನೋಡಿ ನನಗೂ ನಿಜಕ್ಕೂ ಸಂತೋಷವೇ. ಆದರೆ ಅವಳ ಸ್ನಾನಕ್ಕೆ ಕತ್ತಲೆಯಲ್ಲೇ ಎದ್ದು ನೀರು ಸೇದಬೇಕು. ಮಡಿ ಹೂವನ್ನು ಮಡಿಯಲ್ಲೇ ಒಯ್ಯಬೇಕಾದ್ದರಿಂದ ನಾನೂ ತಣ್ಣೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ಬುಟ್ಟಿ ಹಿಡಿದು ಓಡಬೇಕು. ಜೋಯಿಸರ ಮನೆಯ ಬಾಗಿಲು ಇನ್ನೂ ತೆರೆದಿರುವುದಿಲ್ಲ. ಹೂ ಮನೆಗೇ ಬರುವುದರಿಂದ ಅವರು ಈಗ ಸ್ವಲ್ಪ ಹೆಚ್ಚು ಹೊತ್ತು ಮಲಗುತ್ತಾರಂತೆ.