ಹುಳದ ವಂಶವೃಕ್ಷ

ರಕ್ತ, ಉಚ್ಚೆ, ಕಫ ಹಿಡಿದು ಕೂರುವ ಲ್ಯಾಬ್ ಟೆಕ್ನಿಷಿಯನ್ನಿಗೆ ನಗೋದಕ್ಕೆ ಏನಪ್ಪಾ ಇರುತ್ತೆ ಅಂತ ನಮ್ಮ ಬೀಗರು ಕೇಳುತ್ತಿರುತ್ತಾರೆ. ಏನಿರಲ್ಲ ಹೇಳಿ! ವಾರಕ್ಕೊಂದಾದರೂ ನಡೆದೇ ನಡೆಯುತ್ತೆ, ಅದೂ ಇವತ್ತು ಗಂಭೀರವಾಗಿ ಇರೋಣ ಅಂದುಕೊಂಡ ದಿನವೇ. ಆದರೆ ಮೂಗಿನ ಹುಳದ ವಿಚಾರದಷ್ಟು ನನ್ನ ತಲೆ ಕೆಡಿಸಿದ್ದು ಇನ್ನೊಂದಿಲ್ಲ.

ನಾನಿರೋದು ಮಧುಗಿರಿ ಕಡೆಯ ಒಂದು ಚಿಕ್ಕ ಖಾಸಗಿ ಆಸ್ಪತ್ರೆಯಲ್ಲಿ. ಹೆಸರು ಕೇಳಬೇಡಿ, ಹೇಳಿದರೆ ನಾಳೆಯಿಂದ ಕೆಲಸ ಇರಲ್ಲ. ಶಿರಾ, ಕೊರಟಗೆರೆ, ಪಾವಗಡ ಎಲ್ಲ ಕಡೆಯಿಂದಲೂ ಜನ ಬರುತ್ತಾರೆ. ನಡೆಸೋರು ಗಂಡ ಹೆಂಡತಿ ಇಬ್ಬರೂ ಡಾಕ್ಟರು. ಗಂಡನ್ನ ನಾವು ದೊಡ್ಡ ಡಾಕ್ಟ್ರು ಅಂತೀವಿ, ಹೆಂಡತೀನ ಮೇಡಂ ಅಂತೀವಿ. ಯಾರು ದೊಡ್ಡೋರು ಅನ್ನೋದು ಎಲ್ಲರಿಗೂ ಗೊತ್ತು, ದೊಡ್ಡ ಡಾಕ್ಟ್ರಿಗೂ ಗೊತ್ತು.

ಒಂದು ಸಲ ಆಪರೇಷನ್ ಆದ ಮೂವರ ಗಾಯ ಒಂದಾದ ಮೇಲೊಂದು ಕೀವು ಕಟ್ಟಿತು. ಕೊಟ್ಟ ಔಷಧಿಗೆ ಜಗ್ಗಲೇ ಇಲ್ಲ. ಕೀವನ್ನ ಲ್ಯಾಬಲ್ಲಿ ಬೆಳೆಸಿ ನೋಡಿದರೆ ಎಂಆರ್‌ಎಸ್‌ಎ ಅನ್ನೋ ಬ್ಯಾಕ್ಟೀರಿಯಾ, ಅಂದರೆ ಕಣ್ಣಿಗೆ ಕಾಣದ, ಮಾಮೂಲಿ ಔಷಧಿಗೆಲ್ಲ ಬಗ್ಗದ ಮೊಂಡು ಹುಳ. ಬೇರೆ ಔಷಧಿ ಹಾಕಿ ಮೂವರನ್ನೂ ಹುಷಾರು ಮಾಡಿದರು ಅನ್ನಿ. ಆದರೆ ಹುಳ ಬಂದಿದ್ದು ಎಲ್ಲಿಂದ? ಇದು ಆರಾಮಾಗಿರುವವರ ಮೂಗಲ್ಲೂ ಸುಮ್ಮನೆ ಮನೆ ಮಾಡಿಕೊಂಡಿರುತ್ತೆ, ಕೈಯಿಂದ ಗಾಯಕ್ಕೆ ಇಳಿಯುತ್ತೆ.

ದೊಡ್ಡ ಡಾಕ್ಟ್ರು ಮೊದಲ ದಿನವೇ ತೀರ್ಪು ಕೊಟ್ಟುಬಿಟ್ಟರು: "ಇನ್ನೆಲ್ಲಿಂದ? ಡ್ರೆಸ್ಸಿಂಗ್ ರೂಮ್ ಆಯಮ್ಮನಿಂದ!"

ಆಯಮ್ಮ ಬರಗೂರು ಕಡೆಯೋಳು. ಆಸ್ಪತ್ರೆ ಶುರುವಾದ ದಿನದಿಂದ ಹತ್ತಿ ಕತ್ತರಿಸಿ, ಬಟ್ಟೆ ಕುದಿಸಿ, ಡ್ರೆಸ್ಸಿಂಗಿಗೆ ಕೈ ಕೊಡೋಳು ಅವಳೇ. ಮೂಗಿಗೆ ನಶ್ಯ ಏರಿಸ್ತಾಳೆ ಅನ್ನೋದು ಅವಳ ಮೇಲಿದ್ದ ಹಳೇ ದೂರು. ಡಾಕ್ಟ್ರು ಗೋಡೆ ಮೇಲೆ "ಬೀಡಿ, ಎಲೆಅಡಿಕೆ, ನಶ್ಯ ನಿಷೇಧ" ಅಂತ ದಪ್ಪಕ್ಷರದಲ್ಲಿ ಬರೆಸಿದ್ದೇ ಅವಳ ಸಲುವಾಗಿ. "ಕಳಿಸಿಬಿಡೋಣ ಮನೆಗೆ" ಅಂದರು. ಮೇಡಂ ಒಪ್ಪಲಿಲ್ಲ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಬೇಡಿ. ಎಲ್ಲರ ಮೂಗಿಂದಲೂ ಸ್ಯಾಂಪಲ್ ತೆಗೆದು ಬೆಂಗಳೂರಿನ ದೊಡ್ಡ ಲ್ಯಾಬಿಗೆ ಕಳಿಸೋಣ. ಹುಳದ ತಳಿ ಯಾವುದು ಅಂತ ಅವರು ಪತ್ತೆ ಮಾಡ್ತಾರೆ. ಗಾಯದ ತಳಿ ಯಾರ ಮೂಗಲ್ಲಿದೆಯೋ ನೋಡೋಣ."

ಆಯಮ್ಮ ನನ್ನ ಹತ್ತಿರ ಬಂದು, "ಲ್ಯಾಬಪ್ಪ, ಬೈದ್ರೆ ಬೈಸ್ಕತೀನಿ ಕಣಪ್ಪ. ನಿನ್ ಕೈಯಿಂದ ಜನಕ್ಕೆ ಕೀವಾಯ್ತು ಅನ್ನಿಸ್ಕಂಡು ಮಾತ್ರ ಮನೆಗೋಗಲ್ಲ. ಊರಲ್ಲಿ ಮುಖ ಹೆಂಗೆ ತೋರ್ಸದು?" ಅಂದಳು.

ಕಡ್ಡಿ ಕಂಡರೆ ಓಟ

ಮೂಗಿನ ಸ್ಯಾಂಪಲ್ ತೆಗೆಯೋದು ಉದ್ದನೆ ಹತ್ತಿಕಡ್ಡಿಯಲ್ಲಿ. ಮೇಲ್ಪಂಕ್ತಿ ಹಾಕೋದಕ್ಕೆ ದೊಡ್ಡ ಡಾಕ್ಟ್ರೇ ಮುಂದೆ ಬಂದರು. "ಮೊದಲನೇ ನಂಬರ್ ನಂದೇ ಇರಲಿ" ಅಂತ ಕಾರಿಡಾರಿನ ನಟ್ಟನಡುವೆ ಕುರ್ಚಿ ಹಾಕಿಸಿ ಮೂಗೆತ್ತಿ ಕೂತರು. ಎಡಗೈ ತೋರುಬೆರಳಿಗೆ ಪಟ್ಟಿ ಬೇರೆ ಇತ್ತು, ಕಾರಿನ ಬಾಗಿಲಿಗೆ ಸಿಕ್ಕಿತಂತೆ. ನಾನು ಎರಡೂ ಹೊಳ್ಳೆಗೆ ಕಡ್ಡಿ ತಿರುಗಿಸಿದೆ. ಎರಡನೇ ನಂಬರ್ ನನ್ನದು, ಕನ್ನಡಿ ನೋಡಿಕೊಂಡು ನಾನೇ ತೆಗೆದುಕೊಂಡೆ.

ಕೊರಟಗೆರೆಯಿಂದ ಬಂದಿದ್ದ ಒಂದು ದೊಡ್ಡ ಸಂಸಾರ ಬೆಂಚಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿತ್ತು. ಅವರ ಯಜಮಾನರು ಮೆಲ್ಲಗೆ ಎದ್ದು, "ಲೇ, ಏಳ್ರಲೇ, ಕೊರೊನಾ ವಾಪಸ್ ಬಂದೈತೆ. ಡಾಕ್ಟ್ರಿಗೇ ಹತ್ಕಂಡೈತೆ!" ಅಂದರು. ನಾನು "ಅಯ್ಯೋ, ಇದು ಅದಲ್ಲ" ಅನ್ನೋ ಹೊತ್ತಿಗೆ ಬೆಂಚು ಖಾಲಿ. ಅರ್ಧ ಗಂಟೆಯಲ್ಲಿ ಇಡೀ ಆಸ್ಪತ್ರೆಯೇ ಖಾಲಿ.

ಸಂಜೆ ಹೊತ್ತಿಗೆ ಒಬ್ಬನೇ ಒಬ್ಬ ಹೊಸ ಮನುಷ್ಯ ಬಂದ. ಪಕ್ಕದ ಮೆಡಿಕಲ್ ಸ್ಟೋರಿನವನು. "ಸಾರ್, ಮಾಸ್ಕೆಲ್ಲ ಮಾರಿಹೋಯ್ತು. ನಾಳೇನೂ ಆ ಕುರ್ಚಿ ಅಲ್ಲೇ ಹಾಕ್ತೀರಾ?"

ಡ್ರೈವರ್ ಪರಾರಿ

ನಮ್ಮ ಆಂಬುಲೆನ್ಸ್ ಡ್ರೈವರು ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಊರಿನವನು. ಅರ್ಧ ಕನ್ನಡ, ಅರ್ಧ ತೆಲುಗು. ನಾನು ತಿಳಿದೋನ ಥರ ಅವನಿಗೆ ವಿವರಿಸಿದೆ. "ಹುಳದ ಡಿಎನ್‌ಎ ನೋಡ್ತಾರೆ ಕಣಯ್ಯ. ಎರಡು ಕಡೆ ಒಂದೇ ಡಿಎನ್‌ಎ ಬಂದ್ರೆ ಸಂಬಂಧ ಐತೆ ಅಂತ ಅರ್ಥ."

ಮನುಷ್ಯ ಬೆಪ್ಪಾಗಿ ನಿಂತ. "ಡಿಎನ್‌ಎನಾ? ಎಂದುಕು ಸಾರ್, ಯಾಕೆ? ನಾನೇನ್ ಮಾಡಿದ್ನಿ?"

"ನೀನೇನೂ ಮಾಡಿಲ್ಲ, ಮೂಗು ಕೊಡು."

"ವದ್ದು ಸಾರ್, ಬ್ಯಾಡ" ಅಂದವನೇ ಗಾಡಿ ಕೀಲಿ ಮೇಜಿನ ಮೇಲಿಟ್ಟು ಹೋದ. ಮೂರು ದಿನ ಪತ್ತೆ ಇಲ್ಲ. ಟೀವಿಯಲ್ಲಿ ಡಿಎನ್‌ಎ ಅಂದರೆ ಮಗು ಯಾರದು ಅನ್ನೋ ಗಲಾಟೆ ಅಲ್ಲವೇ, ಇವನ ತಲೆಯಲ್ಲೂ ಅದೇ. ನಾಲ್ಕನೇ ದಿನ ಅವನ ಹೆಂಡತಿ ಅವನ ರಟ್ಟೆ ಹಿಡಿದು ಎಳಕೊಂಡು ಬಂದಳು. "ತೆಗೀರಿ ಸಾರ್, ಮೂಗಲ್ಲೂ ತೆಗೀರಿ, ಬಾಯಲ್ಲೂ ತೆಗೀರಿ. ಯಾವೂರಲ್ಲಿ ಏನು ಮಾಡವ್ನೆ ನಂಗೂ ಗೊತ್ತಾಗ್ಲಿ!"

ಆಮೇಲೆ ಬೆಂಗಳೂರಿಂದ ಬಂದ ರಿಪೋರ್ಟ್ ನೋಡಿದರೆ ಅವನ ಮೂಗಲ್ಲಿ ಆ ಮೊಂಡು ಹುಳ ಇರಲೇ ಇಲ್ಲ. ಹಾಗಂತ ಆ ಮಹಾತಾಯಿಗೆ ಹೇಳಿದರೆ ನಂಬಲಿಲ್ಲ. "ನೀವೂ ಗಂಡಸ್ರೇ ಅಲ್ವಾ" ಅಂದಳು.

ನಾಡಕಚೇರಿಯ ಪ್ರಶ್ನೆ

ಕೀವಾದ ಮೂವರಲ್ಲಿ ಒಬ್ಬರು ಶಿರಾ ಕಡೆಯ ಕುರಿ ಸಾಕುವ ತಾತ. ಕಾಲಿನ ಆಪರೇಷನ್ ಆಗಿತ್ತು. ಡಿಎನ್‌ಎ ಅನ್ನಬಾರದು ಅಂತ ಬುದ್ಧಿ ಬಂದಿತ್ತಲ್ಲ, ತಾತನಿಗೆ ಬೇರೆ ಥರ ಹೇಳಿದೆ. "ತಾತ, ಈ ಹುಳಕ್ಕೂ ವಂಶ ಇರುತ್ತೆ. ನಿನ್ನ ಗಾಯದ ಹುಳ ಯಾರ ಮನೇದು, ಎಲ್ಲಿಂದ ಬಂತು ಅಂತ ವಂಶವೃಕ್ಷ ತೆಗೀತಾರೆ."

ತಾತ ಕಾಲಿನ ಗಾಯವನ್ನೊಮ್ಮೆ ಬಗ್ಗಿ ನೋಡಿಕೊಂಡರು. "ಅಂಗಾರೆ ಅದಕ್ಕೂ ಮನೆದೇವ್ರು ಐತಾ?"

"ಅದೆಲ್ಲ ಗೊತ್ತಿಲ್ಲ ತಾತ. ಒಂದು ನಂಬರ್ ಕೊಡ್ತಾರೆ."

"ಎಷ್ಟು ದಿನಕ್ಕೆ ಕೊಡ್ತಾರೆ?"

"ಎರಡು ಮೂರು ವಾರ."

ತಾತ ಮಗನ ಕಡೆ ತಿರುಗಿ ಗದರಿದರು. "ನೋಡ್ಲಾ! ಹೊಲದ ಖಾತೆಗೆ ವಂಶವೃಕ್ಷ ಕೊಡ್ರಪ್ಪಾ ಅಂತ ಒಂದೊರ್ಸದಿಂದ ನಾಡಕಚೇರಿಗೆ ಅಲೀತಿದೀನಿ. ಕೀವಿನ ಹುಳಕ್ಕೆ ಮೂರು ವಾರಕ್ಕೆ ಕೊಡ್ತಾರಂತೆ!" ಆಮೇಲೆ ನನ್ನ ಕೈ ಹಿಡಿದು ಪಿಸುಗುಟ್ಟಿದರು, "ಅಪ್ಪಯ್ಯ, ಅದರ ಅರ್ಜಿ ಜೊತೆಗೆ ನಂದೂ ಒಂದು ಹಾಕ್ಬುಡು."

ನಶ್ಯ ತಿನ್ನುವ ಇಲಿ

ಇಲ್ಲಿ ನಾನೊಂದು ನಿಜ ಹೇಳಬೇಕು. ನಮ್ಮ ಮನೆಯಲ್ಲಿ ಹೇಳಬೇಡಿ. ಬಿಟ್ಟಿದ್ದೀನಿ ಅಂತ ಹೆಂಡತಿ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ ನಶ್ಯ ನಾನು ಬಿಟ್ಟಿರಲಿಲ್ಲ. ಡಬ್ಬಿ ಇಟ್ಟುಕೊಂಡರೆ ಜೇಬು ತಡಕುವಾಗ ಸಿಕ್ಕಿಬೀಳ್ತೀನಿ ಅಂತ, ದಿನಾ ಬೆಳಗ್ಗೆ ಡ್ರೆಸ್ಸಿಂಗ್ ರೂಮಿಗೆ ಹೋಗಿ ಕಿಟಕಿ ಸಂದಿಯಲ್ಲಿ ಆಯಮ್ಮ ಬಚ್ಚಿಟ್ಟ ಡಬ್ಬಿಯಿಂದ ಒಂದು ಚಿಟಿಕೆ ಏರಿಸಿಕೊಂಡು ಬರುತ್ತಿದ್ದೆ. ಅವಳಿಗೆ ಗೊತ್ತಿರಲಿಲ್ಲ.

ಸ್ಯಾಂಪಲ್ ಕಳಿಸಿ ಕಾಯುತ್ತಿದ್ದಾಗ ಒಂದು ದಿನ ಆಯಮ್ಮ ಬಂದು ಗೋಳಾಡಿದಳು. "ಲ್ಯಾಬಪ್ಪ, ಬೆಳಿಗ್ಗೆ ತುಂಬ್ಸಿಟ್ರೆ ಸಂಜೆಗೆ ಡಬ್ಬಿ ಅರ್ಧ ಕಣಪ್ಪ. ರೂಮಲ್ಲಿ ಇಲಿ ಐತೆ. ಇಲಿ ನಶ್ಯ ತಿಂತದಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮೂಗು ಮುಟ್ಟಿ ನೋಡಿಕೊಂಡೆ. "ತಿಂದ್ರೂ ತಿಂತದೆ, ಈಗಿನ ಇಲಿಗಳು ಹೇಳಕ್ಕಾಗಲ್ಲ" ಅಂದುಬಿಟ್ಟೆ. ಆದರೆ ನನ್ನ ತಲೆ ಮೊಸರುಗಡಿಗೆ ಆಯ್ತು. ನಾನು ತೆಗೆಯೋದು ಒಂದೇ ಚಿಟಿಕೆ. ಮಿಕ್ಕ ಅರ್ಧ ಡಬ್ಬಿ ಎಲ್ಲಿಗೆ ಹೋಗುತ್ತೆ? ಎರಡು ದಿನ ಯೋಚಿಸಿ, ಇಲಿ ನಿಜವಾಗಲೂ ನಶ್ಯ ತಿನ್ನುತ್ತೆ ಅಂತ ನಾನೇ ನಂಬಿಬಿಟ್ಟೆ.

ರಿಪೋರ್ಟು

ಮೂರನೇ ವಾರಕ್ಕೆ ರಿಪೋರ್ಟು ಬಂತು. ದೊಡ್ಡ ಡಾಕ್ಟ್ರು ಎಲ್ಲರನ್ನೂ ಸೇರಿಸಿದರು. ಆಯಮ್ಮ ಬಾಗಿಲ ಹತ್ತಿರ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ತನ್ನ ಚೀಲ ಆಗಲೇ ಕಟ್ಟಿ ಬೆಂಚಿನ ಕೆಳಗಿಟ್ಟಿದ್ದಳು, ಪಾಪ.

ಡಾಕ್ಟ್ರು ಕನ್ನಡಕ ಏರಿಸಿದರು. "ಮೂರು ಗಾಯದಲ್ಲೂ ಒಂದೇ ತಳಿ. ಅದೇ ತಳಿ ಏಳನೇ ನಂಬರ್ ಮೂಗಲ್ಲಿದೆ. ಏಳನೇ ನಂಬರ್ ಯಾರು?"

ಹೆಸರಿನ ಪಟ್ಟಿ ನನ್ನ ಕೈಲಿತ್ತು. "ಆಯಮ್ಮ, ಸಾರ್."

"ನಾನು ಹೇಳಲಿಲ್ವಾ!" ಅಂತ ಡಾಕ್ಟ್ರು ಮೇಜು ಗುದ್ದಿದರು. ಆಯಮ್ಮನ ಕಣ್ಣಲ್ಲಿ ದಳದಳ ನೀರು.

ಮೇಡಂ ಮಾತ್ರ ತಣ್ಣಗೆ, "ಹಾಳೆ ತಿರುಗಿಸಿ. ಇನ್ನೂ ಇದೆ" ಅಂದರು.

ಡಾಕ್ಟ್ರು ತಿರುಗಿಸಿದರು. "ಇದೇ ತಳಿ ಎರಡನೇ ನಂಬರಲ್ಲೂ..." ಅಂದು ನನ್ನನ್ನು ದುರುಗುಟ್ಟಿ ನೋಡಿದರು. ಮುಂದಿನ ಸಾಲು ಮಾತ್ರ ಓದಲೇ ಇಲ್ಲ. ಮೇಡಂ ಹಾಳೆ ಇಸಕೊಂಡು ತಾವೇ ಓದಿದರು. "ಮತ್ತು ಒಂದನೇ ನಂಬರ್."

ನಾನು ಪಟ್ಟಿ ನೋಡಲಿಲ್ಲ. ಒಂದನೇ ನಂಬರ್ ಯಾರು ಅಂತ ಇಡೀ ಕೊರಟಗೆರೆಗೆ ಗೊತ್ತಿತ್ತು.

"ಇದು ಹೆಂಗೆ?" ಅಂದರು ಮೇಡಂ. "ಮೂರು ಮೂಗು, ಒಂದೇ ತಳಿ. ನಿಮ್ಮ ಮೂವರಿಗೂ ಏನು ಸಂಬಂಧ?"

ಆಯಮ್ಮನ ಚೀಲ ಕಣ್ಣಿಗೆ ಬಿತ್ತು. ಹೆಂಡತಿಗೆ ಗೊತ್ತಾದರೆ ಆಗಲಿ ಅಂತ ಧೈರ್ಯ ಮಾಡಿದೆ. "ಮೇಡಂ, ತಪ್ಪು ನಂದು. ಆಯಮ್ಮನ ನಶ್ಯದ ಡಬ್ಬಿಗೆ ದಿನಾ ಬೆಳಗ್ಗೆ ಕೈ ಹಾಕ್ತಿದ್ದೆ. ಅದರಿಂದಲೇ ದಾಟಿರಬೇಕು. ಆದರೆ ಸಾರ್‌ಗೆ ಹೆಂಗೆ ದಾಟ್ತೋ ನಂಗೆ ಅರ್ಥ ಆಗ್ತಿಲ್ಲ."

ನಿಜವಾಗಲೂ ಆಗಿರಲಿಲ್ಲ, ಆಣೆಗೂ.

ಆಯಮ್ಮ ಅಳು ನಿಲ್ಲಿಸಿ ಬಾಯಿ ಬಿಟ್ಟು ನೋಡಿದಳು. "ನೀನಾ ಲ್ಯಾಬಪ್ಪ? ಇಲಿ ಅಂದ್ಯಲ್ಲೋ! ಬುಡು, ಬೆಳಿಗ್ಗೆ ಹೊತ್ತು ನೀನು. ಮಧ್ಯಾಹ್ನ ನಾನು ಉಣ್ಣಕ್ಕೋದಾಗ ಬರ್ತಿದ್ದ ಇಲಿ ಯಾವ್ದು? ಆ ಸ್ಯಾಂಪಲ್ ತೆಗೆಯೋ ಹಿಂದಿನ ದಿನ ಡಬ್ಬಿ ಮುಂದೆ ಸ್ಪ್ರಿಂಗಿನ ಬೋನು ಮಡಗಿ ಉಣ್ಣಕ್ಕೋಗಿದ್ದೆ. ಬಂದು ನೋಡಿದ್ರೆ ಬೋನು ಟಪ್ಪನೆ ಹೊಡ್ಕಂಡೈತೆ, ಇಲಿ ಇಲ್ಲ!"

ಎಲ್ಲರ ಕಣ್ಣೂ ನಿಧಾನಕ್ಕೆ ದೊಡ್ಡ ಡಾಕ್ಟ್ರ ಎಡಗೈ ತೋರುಬೆರಳಿನ ಕಡೆ ಹೋಯಿತು. ಪಟ್ಟಿ ಬಿಚ್ಚಿದ್ದರೂ ಉಗುರು ಇನ್ನೂ ಕಪ್ಪಗಿತ್ತು.

"ರೀ," ಅಂದರು ಮೇಡಂ, "ಕಾರಿನ ಬಾಗಿಲು ಅಂದಿದ್ರಿ."

ಡಾಕ್ಟ್ರು ಕೈಯನ್ನು ಜೇಬಿಗೆ ತುರುಕಿದರು. ಉತ್ತರ ಕೊಡೋಕೆ ಬಾಯಿ ತೆಗೆದರು, ಸೀನು ಬಂತು.

ಅವತ್ತೇ ಡಬ್ಬಿ ತಿಪ್ಪೆಗೆ ಹೋಯಿತು. ಆಯಮ್ಮನ ಚೀಲವನ್ನು ಮೇಡಂ ಕೈಯಾರೆ ಬಿಚ್ಚಿದರು. ಹುಳ ಮೊದಲು ಯಾರ ಮೂಗಿಂದ ಹೊರಟಿತು ಅನ್ನೋದು ಇವತ್ತಿಗೂ ಗೊತ್ತಿಲ್ಲ. ಅದನ್ನ ಹೇಳೋದಕ್ಕೆ ಆ ರಿಪೋರ್ಟಿಗೂ ಆಗಲಿಲ್ಲ. ಮೂವರ ಮೂಗಿಗೂ ಐದು ದಿನ, ದಿನಕ್ಕೆರಡು ಸಲ ಮುಲಾಮು ಅಂತ ತೀರ್ಮಾನ ಆಯ್ತು. ನಿಮ್ಮನ್ನ ನಂಬಲ್ಲ ಅಂತ ಹಚ್ಚೋರೂ ಮೇಡಂನೇ. ಅದೇ ಕಾರಿಡಾರಿನ ಬೆಂಚಿನ ಮೇಲೆ ಸಾಲಾಗಿ ಕೂತೆವು, ದೊಡ್ಡ ಡಾಕ್ಟ್ರು, ನಾನು, ಆಯಮ್ಮ, ಮೂವರೂ ಮೂಗು ಮೇಲೆತ್ತಿಕೊಂಡು.

ಕೆಲಸ ಉಳಿದ ಖುಷಿಗೆ ಆಯಮ್ಮನಿಗೆ ಮಾತು ತಡೆಯಲಿಲ್ಲ. ನನ್ನನ್ನು ದಾಟಿ ಡಾಕ್ಟ್ರ ಕಡೆ ಬಗ್ಗಿ, ತುಂಬಾ ಪ್ರೀತಿಯಿಂದ ಹೇಳಿದಳು:

"ಆ ರಿಪೋರ್ಟ್ ಇವತ್ತು ಬಂದಿದ್ದೇ ಒಳ್ಳೇದಾಯ್ತು ಕಣ್ ಸ್ವಾಮಿ. ಬೋನಿಗೆ ಬೀಳದ ಇಲಿ ಅಂತ, ನಾಳೆಯಿಂದ ನಶ್ಯಕ್ಕೆ ಇಲಿ ಪಾಷಾಣ ಕಲಸಾಣ ಅಂತಿದ್ದೆ."