ಸೀಟು ಹಿಡಿದ ಬಾಂಬು

ಗಡಿಯಾರ ರಿಪೇರಿಯಾಗದೇ ಇದ್ದಿದ್ದರೆ ನಾಗರಾಜುವಿನ ಮಾನ ಉಳಿಯುತ್ತಿತ್ತು. ಅದು ಅವನ ಅಪ್ಪನ ಕಾಲದ್ದು, ತಲೆಯ ಮೇಲೆ ಜೋಡಿ ಗಂಟೆ ಹೊತ್ತ ಅಲಾರಾಂ ಗಡಿಯಾರ. ವರ್ಷಗಟ್ಟಲೆ ಮೂಕವಾಗಿದ್ದ ಅದಕ್ಕೆ ಮಳವಳ್ಳಿಯ ವಾಚಿನಂಗಡಿಯವನು ಬಾಯಿ ಬರಿಸಿಟ್ಟಿದ್ದ. ನಾಗರಾಜು ಬರೆದ ನಾಟಕದಲ್ಲಿ ಬಾಂಬಿನ ಪಾತ್ರ ಅದರದ್ದು.

ನಾಗರಾಜು ಬೆಳಕವಾಡಿಯ ಹಾಲಿನ ಡೈರಿಯಲ್ಲಿ ಹಾಲು ಅಳೆಯುವವನು. ಅಳೆಯುತ್ತ ಅಳೆಯುತ್ತಲೇ ಕನಸಿಗೆ ಜಾರುವವನು. ಕ್ಯಾನಿನ ನೊರೆ ಸರಿದರೆ ಅವನಿಗೆ ಪರದೆ ಸರಿದಂತೆ ಕಾಣುತ್ತಿತ್ತು. ಅಂಥ ಒಂದು ನೊರೆಯಲ್ಲೇ ನಾಟಕ ಹುಟ್ಟಿತು. ಭಯೋತ್ಪಾದಕನೊಬ್ಬ ಬಾಂಬು ಹೊತ್ತು ಬೆಳಕವಾಡಿಗೆ ಬರುತ್ತಾನೆ. ಕಂಡಕಂಡವರೆಲ್ಲ 'ಯಾವೂರಪ್ಪ? ಯಾರ ಮನೆ ಪೈಕಿ?' ಎಂದು ನಿಲ್ಲಿಸಿಕೊಳ್ಳುತ್ತಾರೆ. ಒಂದು ಮನೆಯಲ್ಲಿ ಕಾಫಿ, ಇನ್ನೊಂದರಲ್ಲಿ ಮುದ್ದೆ. ಉಂಡವನು ಜಗಲಿಯ ಮೇಲೆ ನಿದ್ದೆ ಹೋಗುತ್ತಾನೆ. ಬಾಂಬಿನ ಗಂಟೆ ಹೊಡೆದಾಗ ಊರವರು ಹಾಲು ಕರೆಯುವ ಹೊತ್ತಾಯಿತೆಂದು ಎದ್ದು ಹೋಗುತ್ತಾರೆ. ಬಾಂಬು ಸಿಡಿಯುವುದಿಲ್ಲ. ಅದರ ವೈರನ್ನು ಯಾರೋ ಬಿಚ್ಚಿ ಬೇಲಿಗೆ ಬಿಗಿದಿರುತ್ತಾರೆ.

ಅರಳಿಕಟ್ಟೆಯಲ್ಲಿ ಈ ಕತೆ ಹೇಳಿದಾಗ ಊರು ಎರಡಾಯಿತು.

"ಭಯೋತ್ಪಾದನೆ ಅಂದರೆ ನಗೋ ವಿಷಯವೇನಯ್ಯ?" ಎಂದರು ರಿಟೈರಾದ ಸಂಪತ್ ಕುಮಾರ ಮೇಷ್ಟ್ರು. "ಸತ್ತವರ ಮನೆಯವರು ನೋಡಿದರೆ ಎದೆ ಏನಾಗಬೇಕು? ಇಂಥದ್ದಕ್ಕೆ ನಿಷೇಧ ಹಾಕಬೇಕು."

"ಸತ್ತೋರ್ನ ಕಂಡು ನಗಕಿಲ್ಲ ಸಾ, ಸಾಯ್ಸಕ್ಕೆ ಬಂದೋನ್ನ ಕಂಡು ನಗೋದು. ನಕ್ರೆ ಭಯ ಓಯ್ತದೆ. ನಗೋದ್ನ ಬ್ಯಾಡ ಅನ್ನಕ್ಕೆ ನಾವ್ಯಾರು?" ಎಂದ ನಾಗರಾಜು.

ಊರ ಯಜಮಾನ ತಿಮ್ಮಯ್ಯ ಎಲೆಅಡಿಕೆ ಉಗಿದು ತೀರ್ಪು ಕೊಟ್ಟ. "ಹೊಂಬಾಳಮ್ಮನ ಮಗ ಸ್ವರೂಪ ಕಾಶ್ಮೀರದಾಗೆ ಬಂದೂಕ ಇಡ್ಕಂಡು ನಿಂತವ್ನೆ. ನಮ್ಗಿಂತ ಆವಮ್ಮಂಗೆ ಗೊತ್ತು. ಆವಮ್ಮ ಊಂ ಅಂದ್ರೆ ಆಡ್ರಿ, ಊಹೂಂ ಅಂದ್ರೆ ಮುಚ್ಕಂಡು ಮಲಗ್ರಿ."

ಹೊಂಬಾಳಮ್ಮ ಕಿರುಗಾವಲಿನ ಮಗಳ ಮನೆಯಿಂದ ಅವತ್ತೇ ವಾಪಸು ಬರುವವಳಿದ್ದಳು. ಮಳವಳ್ಳಿಯಲ್ಲಿ ಬಸ್ಸು ಬದಲಿಸಬೇಕು. ಗಡಿಯಾರವನ್ನೂ ತಂದಂತಾಯಿತು, ಆಯಮ್ಮನಿಗೊಂದು ಸೀಟು ಹಿಡಿದು ಜೊತೆಗೆ ಬರುತ್ತ ಕತೆ ಹೇಳಿ ಒಪ್ಪಿಸಿದಂತೆಯೂ ಆಯಿತು ಎಂದುಕೊಂಡು ನಾಗರಾಜು ಹೊರಟ.

ಬೆಳಕವಾಡಿ ಬಸ್ಸು ಬಂದು ನಿಂತದ್ದೇ ಜನ ಕಿಟಕಿಗಳಿಂದ ಟವಲು, ಕರ್ಚೀಫು, ಕೊನೆಗೆ ಎಡಗಾಲಿನ ಚಪ್ಪಲಿಯನ್ನೂ ಎಸೆದು ಸೀಟು ಹಿಡಿದರು. ನಾಗರಾಜು ಡೈರಿಯ ನೀಲಿ ಬ್ಯಾಗನ್ನೇ ಒಳಗೆ ತೂರಿದ. ಅದರಲ್ಲಿ ಗಡಿಯಾರವಿತ್ತು, ಕೆಂಪು ವೈರಿನ ಸುರುಳಿಯಿತ್ತು, ಬಾಂಬಿನಂತೆ ಕಾಣಲೆಂದು ಬಣ್ಣ ಬಳಿದ ತೆಂಗಿನಕಾಯಿಯೊಂದಿತ್ತು. ಡ್ರೈವರು ಊಟಕ್ಕೆ ಹೋದ. ನಾಗರಾಜುವೂ ಎದುರಿನ ಹೋಟೆಲಿನಲ್ಲಿ ಮುದ್ದೆ, ಬಸ್ಸಾರು ಉಂಡು ಬಂದು ಕಲ್ಲುಬೆಂಚಿನ ಮೇಲೆ ಕೂತ. ಬಿಸಿಲು ಕಾದ ಬೆಲ್ಲದಂತೆ ನಿಧಾನವಾಗಿ ಇಳಿಯುತ್ತಿತ್ತು. ಕಡಲೆಕಾಯಿ ಮಾರುವವಳ ಕೂಗು ಎಲ್ಲೋ ನೀರಿನಡಿಯಿಂದ ಬಂದಂತೆ ಕೇಳಿಸಿತು.

ಪರದೆ ಸರಿಯಿತು. ರಂಗದ ಮುಂದೆ ಊರೇ ಕೂತಿತ್ತು. ಮೊದಲ ಸಾಲಿನಲ್ಲಿ ಹೊಂಬಾಳಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಮೋಡದಂಥ ಜಗಲಿಯ ಮೇಲೆ ಭಯೋತ್ಪಾದಕ ಮಲಗಿದ್ದ. ಗಂಟೆ ಹೊಡೆಯಿತು. ಆಹಾ, ಎಂಥ ಗಂಟೆ! ಜನ ಎದ್ದರು, ಓಡಿದರು, ಕೂಗಿದರು. ಇಷ್ಟು ಚೆನ್ನಾಗಿ ಯಾರೂ ಅಭಿನಯಿಸಿರಲಿಲ್ಲ. ನಾಗರಾಜು ಆನಂದದಿಂದ ಚಪ್ಪಾಳೆ ತಟ್ಟಿದ.

"ಬಾಂಬು! ಬಾಂಬು ಕಣ್ರಲೋ!"

ಅವನು ಕಣ್ಣು ಬಿಟ್ಟ. ಬಸ್ಸು ಖಾಲಿಯಾಗಿತ್ತು. ಇಳಿದವರೆಲ್ಲ ದೂರದ ಬೇವಿನ ಮರದಡಿ ಗುಂಪಾಗಿದ್ದರು. ಅಷ್ಟು ದಿಗಿಲಿನಲ್ಲೂ ಒಬ್ಬ, "ಬಾಗ್ಲತ್ರ ಕೆಂಪು ಟವಲ್ ನಂದು, ಯಾರೂ ಮುಟ್ಬ್ಯಾಡಿ!" ಎಂದು ಕೂಗುತ್ತಿದ್ದ. ಬಸ್ಸಿನೊಳಗೆ ಗಂಟೆ ಬಾರಿಸುತ್ತಲೇ ಇತ್ತು. ಅದರ ಪಕ್ಕದಲ್ಲಿ ಒಬ್ಬಳೇ ಕೂತಿದ್ದಳು, ಹೊಂಬಾಳಮ್ಮ.

"ಇಳಿಯಮ್ಮ ಕೆಳಕ್ಕೆ!" ಎಂದು ಬಸ್‌ಸ್ಟ್ಯಾಂಡಿನ ಪೊಲೀಸಿನವರು ಗದರಿದರು.

"ಇಳುದ್ರೆ ಸೀಟು ನೀವು ಕೊಡ್ಸೀರಾ? ಕಿರುಗಾವಲಿಂದ ನಿಂತ್ಕಂಡೇ ಬಂದಿವ್ನಿ. ಸತ್ರೂ ಕೂತ್ಕಂಡೇ ಸಾಯ್ತೀನಿ."

ನಾಗರಾಜು ಎದ್ದುಬಿದ್ದು ಓಡಿದ. "ಅದು ನಂದು ಸ್ವಾಮಿ! ಬಾಂಬು ನಂದು!" ಎಂದ. ಬಾಯಿತಪ್ಪಿ ಬಂದ ಮಾತಿಗೆ ಪೊಲೀಸಿನವರು ಕೊರಳಪಟ್ಟಿ ಹಿಡಿದರು. "ಅಯ್ಯೋ, ನಾಟ್ಕದ ಬಾಂಬು ಸ್ವಾಮಿ!"

ಹೊಂಬಾಳಮ್ಮ ಬ್ಯಾಗಿಗೆ ಕೈಹಾಕಿ ಗಡಿಯಾರ ತೆಗೆದು ನೆತ್ತಿಗೊಂದು ಮೊಟಕಿದಳು. ಅದು ಬಾಯಿ ಮುಚ್ಚಿತು. "ಡೈರಿ ಬ್ಯಾಗು ನೋಡಿ ನಮ್ಮೂರೋರ್ದೇ ಅಂತ ಕೂತ್ಕಂಡೆ. ಏನ್ಲಾ ನಾಗ, ಕಾಯಿಗೆ ಬಣ್ಣ ಯಾಕ್ಲಾ ಬಳ್ದಿದ್ದೀಯೆ?"

ಮೊದಲು ನಕ್ಕವರು ಪೊಲೀಸಿನವರು. ಆಮೇಲೆ ಬೇವಿನ ಮರವೇ ನಕ್ಕಂತಾಯಿತು. ಚೆನ್ನಾಗಿ ಬೈದು, ಕೈಮುಗಿಸಿಕೊಂಡು, ನಾಗರಾಜುವನ್ನು ಬಿಟ್ಟರು.

ದಾರಿಯಲ್ಲಿ ಅವನು ಅಳುಕುತ್ತಲೇ ನಾಟಕದ ಕತೆ ಹೇಳಿದ. ಹೊಂಬಾಳಮ್ಮ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತ ಪೂರ್ತಿ ಕೇಳಿಸಿಕೊಂಡಳು. "ಭಯ ಆಗಕಿಲ್ವೇನಪ್ಪ ಅಂತ ಸ್ವರೂಪನ್ನ ಕೇಳ್ದೆ ಒಂದ್ಸಲ," ಎಂದಳು. "'ನಾವಲ್ಲಿ ನಗಾಡ್ಕಂಡೇ ಇರ್ತೀವಿ ಕಣವ್ವ, ಇಲ್ದಿದ್ರೆ ನಿಂತ್ಕಳಕ್ಕೇ ಆಗಕಿಲ್ಲ' ಅಂದ. ಆಡ್ಲಾ ಮಗ. ನಾನೇ ಮುಂದ್ಗಡೆ ಕೂತ್ಕತೀನಿ."

ನಾಗರಾಜುವಿಗೆ ಬಸ್ಸು ನೆಲ ಬಿಟ್ಟು ತೇಲಿದಂತಾಯಿತು.

ಬೆಳಕವಾಡಿಯಲ್ಲಿ ಇಳಿದರೆ ಅರಳಿಕಟ್ಟೆಯ ತುಂಬ ಜನ, ಎಲ್ಲರ ಕೈಯಲ್ಲೂ ಮೊಬೈಲು. ಬಸ್‌ಸ್ಟ್ಯಾಂಡಿನ ವಿಡಿಯೋ ಅವನಿಗಿಂತ ಮೊದಲೇ ಊರು ಸೇರಿತ್ತು. ಸುತ್ತ ಜನ ಜೀವ ಕೈಯಲ್ಲಿ ಹಿಡಿದು ಓಡುತ್ತಿದ್ದರೆ, ಬೆಂಚಿನ ಮೇಲೊಬ್ಬ ಬಾಯಿ ತೆರೆದು ನಿದ್ದೆಯಲ್ಲೇ ಚಪ್ಪಾಳೆ ತಟ್ಟುತ್ತಿದ್ದ. ಸಂಪತ್ ಕುಮಾರ ಮೇಷ್ಟ್ರು ನಕ್ಕು ನಕ್ಕು ಕಟ್ಟಿದ ಹಲ್ಲು ಕೈಗೆ ತೆಗೆದುಕೊಂಡಿದ್ದರು.

"ಹೊಂಬಾಳಮ್ಮ ಊಂ ಅಂದ್ರು!" ಎಂದ ನಾಗರಾಜು.

"ಆಡಣ ಕಣ್ಲಾ!" ಎಂದ ಅವನ ಗೆಳೆಯ ಅಂಬರೀಶ್. "ಆದ್ರೆ ನಿನ್ ನಾಟ್ಕ ಇದ್ರ ಮುಂದೆ ಸಪ್ಪೆ. ಇದ್ನೇ ಆಡಣ. ಭಯೋತ್ಪಾದಕ ಬ್ಯಾಡ, ಮಲಗೋನು ಸಾಕು. ಆ ಪಾರ್ಟು ನಂದು." ಅವನು ಕತ್ತು ವಾಲಿಸಿ, ಬಾಯಿ ತೆರೆದು, ಚಪ್ಪಾಳೆ ತಟ್ಟಿ ತೋರಿಸಿದ. ಕಟ್ಟೆ ಹಾರಿಹೋಗುವಂತೆ ಜನ ನಕ್ಕರು.

ನಾಗರಾಜುವಿನ ಕಿವಿ ಕೆಂಪಾಯಿತು. "ಒಬ್ರ ಮಾನ ತೆಗ್ಯೋದೂ ಆಸ್ಯವಾ? ಮನೆಯೋರು ನೋಡುದ್ರೆ ಎದೆ ಏನಾಗ್ಬೇಕು? ಇಂಥದ್ನ ತೋರಿಸ್ಬಾರ್ದು! ನಿಷೇಧ ಆಕ್ಬೇಕು!"

ಮೇಷ್ಟ್ರು ಹಲ್ಲು ಕಟ್ಟಿಕೊಂಡು ಅವನ ಹೆಗಲ ಮೇಲೆ ಕೈಯಿಟ್ಟರು. "ನಗೋದನ್ನ ಬೇಡ ಅನ್ನೋಕೆ ನಾವ್ಯಾರಯ್ಯ?"

ತಿಮ್ಮಯ್ಯ ಹೊಂಬಾಳಮ್ಮನ ಕಡೆ ನೋಡಿದ. ಆಕೆ ಸೆರಗು ಬಾಯಿಗಿಟ್ಟುಕೊಂಡು, ಥೇಟು ಕನಸಿನಲ್ಲಿ ಕಂಡಂತೆಯೇ ನಗುತ್ತಿದ್ದಳು. "ಊಂ," ಎಂದಳು.

"ಮತ್ತೆ ನಂಗೇನು ಪಾರ್ಟು?" ಎಂದ ನಾಗರಾಜು ಸಣ್ಣ ದನಿಯಲ್ಲಿ.

ತಿಮ್ಮಯ್ಯ ಬ್ಯಾಗಿನಿಂದ ಗಡಿಯಾರ ತೆಗೆದು ಅವನ ಮಡಿಲಿಗಿಟ್ಟ. "ಪರದೆ ಇಂದೆ ಕೂತ್ಕಂಡು ಗಂಟೆ ಒಡಿ. ಅಲ್ಲೀಗಂಟ ಮಾತ್ರ ಎಚ್ರವಾಗಿರ್ಲಾ."