ಅಣ್ಣನನ್ನು ನೋಡಲು ಲಕ್ಸೆಂಬರ್ಗಿಗೆ

ಇಂಥವು ನಮಗೇ ಯಾಕೆ ಆಗುತ್ತವೋ ಗೊತ್ತಿಲ್ಲ. ಬೇರೆಯವರು ರಜೆಗೆ ಹೋಗಿ ಫೋಟೊ ತೆಗೆದುಕೊಂಡು ಬರುತ್ತಾರೆ. ನಾವು ಎಲ್ಲಿಗೆ ಹೋದರೂ ಏನಾದರೊಂದು ಫಜೀತಿ ಮಾಡಿಕೊಂಡೇ ಬರುತ್ತೇವೆ.

ಚಳಿ ಸಾಲದೆ

ಎಪ್ಪತ್ತರ ದಶಕ. ನಮ್ಮ ಮನೆ ಡೆಟ್ರಾಯಿಟಿನ ಹತ್ತಿರ. ನನ್ನ ಹೆಂಡತಿಯ ಅಣ್ಣ ಸಂಶೋಧನೆಗೆಂದು ಜರ್ಮನಿಗೆ ಬಂದಿದ್ದರು. ನಮ್ಮ ಮದುವೆಯಾದ ಮೇಲೆ ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಶಿಕಾಗೋದಿಂದ ಹೊರಡುವ ಅಗ್ಗದ ವಿಮಾನ ಇಳಿಯುತ್ತಿದ್ದದ್ದು ಲಕ್ಸೆಂಬರ್ಗಿನಲ್ಲಿ. ಭಾವನಿಗೂ ಅದು ರೈಲಿನಲ್ಲಿ ಬಂದುಹೋಗುವಷ್ಟು ಹತ್ತಿರ. ಅವರಿಗೆ ಸಿಕ್ಕ ರಜೆ ಎರಡೇ ದಿನ, ಇದ್ದದ್ದು ಹಾಸ್ಟೆಲ್ ಕೋಣೆ. ಹಾಗಾಗಿ ಭೇಟಿ ಅಲ್ಲೇ ಎಂದು ಕಾಗದದಲ್ಲಿ ತೀರ್ಮಾನವಾಯಿತು.

ಹಿಮ ಬಾಚುತ್ತಿದ್ದ ಪಕ್ಕದ ಮನೆಯವನು, “ಈ ಚಳಿ ಸಾಲದೂಂತ ಅಲ್ಲಿಗೆ ಹೋಗ್ತೀರಾ? ಎಲ್ಲರೂ ಫ್ಲಾರಿಡಾಕ್ಕೆ ಹೋಗ್ತಾರಪ್ಪ” ಎಂದ.

“ಫ್ಲಾರಿಡಾದಲ್ಲಿ ನಮ್ಮಣ್ಣ ಇಲ್ವಲ್ಲ” ಎಂದಳು ನನ್ನವಳು.

“ಅವನಿಗೂ ಫ್ಲಾರಿಡಾಕ್ಕೇ ಬರೋದಕ್ಕೆ ಹೇಳಿ” ಎಂದು ಅವನು ಮತ್ತೆ ಬಾಚತೊಡಗಿದ.

ಎದುರುಗೊಂಡದ್ದು

ಬಂದವರನ್ನು ಹೋಗಿ ಕರೆದುಕೊಂಡು ಬರಬೇಕು ಎಂಬುದು ನಮ್ಮ ಕಡೆಯ ಮರ್ಯಾದೆ. ವಿಮಾನ ಇಳಿದವರೇ ನಾವು ಅಣ್ಣನನ್ನು ಕರೆತರಲು ಪೆಟ್ಟಿಗೆ ಸಮೇತ ರೈಲ್ವೆ ಸ್ಟೇಷನ್ನಿಗೆ ಓಡಿದೆವು. ಅಣ್ಣ ಮುಂಚಿನ ರೈಲಿಗೇ ಬಂದು, ತಂಗಿಯನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೋಗಿದ್ದರು. ಮೂವರೂ ಇಳಿದುಕೊಳ್ಳಲು ಗೊತ್ತುಮಾಡಿದ್ದ ಹೋಟೆಲಿಗೆ ಬಂದು ವಿಚಾರಿಸಿದಾಗ ಒಡತಿ ಆ ವಿಷಯ ಹೇಳಿದಳು. “ಪಾಪ, ಒಬ್ಬನೇ ಕಾಯ್ತಿರ್ತಾನೆ, ನಡೀರಿ” ಎಂದು ನನ್ನವಳು ಹೊರಟೇಬಿಟ್ಟಳು. ನಾವು ವಿಮಾನ ನಿಲ್ದಾಣದಲ್ಲಿ ಹುಡುಕುವಾಗ ಅಣ್ಣ ಹೋಟೆಲಿಗೆ ಬಂದು, ನಾವು ಹೋದೆವೆಂದು ಕೇಳಿ ಮತ್ತೆ ಹೊರಟಿದ್ದರಂತೆ. ಈ ಸಲ ಒಡತಿ ಬಿಡಲಿಲ್ಲ. ನಾವು ವಾಪಸು ಬಂದಾಗ ಭಾವ ಕೈಯಲ್ಲಿ ಕಾಫಿ ಹಿಡಿದು ಕುರ್ಚಿಯಲ್ಲಿದ್ದರು, ಆಕೆ ಬಾಗಿಲಿಗೆ ಅಡ್ಡ ನಿಂತಿದ್ದಳು.

“ನಿಮ್ಮ ದೇಶದಲ್ಲಿ ಯಾರೂ ಒಂದು ಕಡೆ ಕೂತು ಕಾಯೋದೇ ಇಲ್ವಾ?” ಎಂದು ನನ್ನನ್ನೇ ಕೇಳಿದಳು.

ಊರು ನೋಡಿದ್ದು

ಆ ಊರಿನಲ್ಲಿ ಆಳವಾದ ಕಣಿವೆ, ಅದರ ಮೇಲೆ ಕಲ್ಲಿನ ಸೇತುವೆ, ಹಳೆಯ ಕೋಟೆ ಎಲ್ಲ ಇವೆ. ಇವೆ ಎಂದು ನಾನು ಹೇಳಬಲ್ಲೆ. ದಾರಿಯುದ್ದಕ್ಕೂ ಮಾತಿನಲ್ಲೇ ಮುಳುಗಿದ್ದ ಅವರಿಬ್ಬರನ್ನು ಕೇಳಿದರೆ ಸಿಗುವ ಮಾಹಿತಿ ಮೈಸೂರಿನ ಚಿಕ್ಕಮ್ಮನ ಮಗಳ ಮದುವೆಯದು. ನಾನು ಸೇತುವೆಯ ನಟ್ಟನಡುವೆ ನಿಲ್ಲಿಸಿ, “ಸ್ವಲ್ಪ ಕೆಳಗೆ ನೋಡಿ” ಎಂದೆ. ಇಬ್ಬರೂ ತಮ್ಮ ಬೂಟು ನೋಡಿಕೊಂಡು ಮುಂದೆ ನಡೆದರು.

ಕಳಿಸಿಕೊಟ್ಟದ್ದು

ಎರಡನೆಯ ದಿನ ಮಧ್ಯಾಹ್ನ ಭಾವನ ರೈಲು. ಇನ್ನು ಯಾವಾಗ ನೋಡುತ್ತೇವೋ ಎಂದು ಬೆಳಗಿನಿಂದ ನನ್ನವಳ ಕಣ್ಣು ಒದ್ದೆ. ನಮ್ಮಲ್ಲಿ ಕಳಿಸಿಕೊಡುವುದೆಂದರೆ ಪ್ಲಾಟ್‌ಫಾರ್ಮಿನಲ್ಲಿ ಕೈಬೀಸುವುದಲ್ಲ. ಅವಳು ಒಳಗೆ ಹತ್ತಿದಳು. ಸಾಮಾನು ಇಟ್ಟಳು, ಚಕ್ಕುಲಿ ಡಬ್ಬ ಕೈಗೆ ಸಿಗುವ ಹಾಗೆ ಇಟ್ಟಳು, ಎದುರು ಕೂತ ಅಜ್ಜಿಗೆ “ನಮ್ಮಣ್ಣನ್ನ ಸ್ವಲ್ಪ ನೋಡ್ಕೊಳ್ಳಿ” ಎಂದಳು. ಬೆಂಗಳೂರಿನಲ್ಲಾಗಿದ್ದರೆ ಗಂಟೆ, ಸೀಟಿ, ಹಸಿರು ಬಾವುಟ ಎಲ್ಲ ಆಗಬೇಕಿತ್ತು. ಇಲ್ಲಿ ರೈಲು ಸುಮ್ಮನೆ ಹೊರಟುಹೋಯಿತು. ಅವಳ ಪಾಸ್‌ಪೋರ್ಟು ನನ್ನ ಜೇಬಿನಲ್ಲಿ, ಕೈಚೀಲ ನನ್ನ ಹೆಗಲಲ್ಲಿ.

ಸ್ಟೇಷನ್ ಮಾಸ್ತರರ ಹತ್ತಿರ ಓಡಿ, “ಮುಂದೆ ಎಲ್ಲಿ ನಿಲ್ಲುತ್ತೆ?” ಎಂದೆ.

“ಜರ್ಮನಿಯಲ್ಲಿ” ಎಂದರು.

ಬೆಂಗಳೂರಿನಿಂದ ರಾಮನಗರಕ್ಕೆ ಹೋಗುವಷ್ಟರಲ್ಲಿ ಆ ದೇಶವೇ ಮುಗಿದಿರುತ್ತದೆ! ಮಾಸ್ತರರು ಗಡಿಗೆ ಫೋನ್ ಮಾಡಿದರು; ಮುಕ್ಕಾಲು ಗಂಟೆಯ ಮೇಲೆ, ಗಡಿ ಪೊಲೀಸರು ಅಣ್ಣ ತಂಗಿ ಇಬ್ಬರನ್ನೂ ಇಳಿಸಿ ಕೂರಿಸಿದ್ದಾರೆ, ತಂಗಿಯನ್ನು ವಾಪಸು ಕಳಿಸುತ್ತಾರೆ ಎಂದರು. ಆ ಕಡೆಯಿಂದ ಒಂದು ರೈಲು ಬಂತು. ಒಂದೊಂದು ಡಬ್ಬಿಗೂ ಇಣುಕಿದೆ, ಅವಳಿಲ್ಲ. ಹೆಂಗಸರ ಕೈಚೀಲ ತಗುಲಿಸಿಕೊಂಡು, ಇಲ್ಲದ್ದನ್ನೆಲ್ಲ ಯೋಚಿಸುತ್ತ ಆ ಚಳಿಯಲ್ಲಿ ಸಾಯಂಕಾಲದವರೆಗೂ ಶತಪಥ ಹಾಕಿದೆ.

ಕೊನೆಗೆ ಅವಳು ಇಳಿದಳು. ಮುಖ ಅರಳಿತ್ತು. ಬೈಯಬೇಕೆಂದಿದ್ದವನು ಓಡಿಹೋಗಿ ಅವಳ ಕೈ ಹಿಡಿದುಕೊಂಡೆ.

“ಪೊಲೀಸರು ತುಂಬಾ ಹೊತ್ತು ಹಿಡಿದಿಟ್ಕೊಂಡ್ರಾ? ಭಯ ಆಯ್ತಾ?”

“ಅಯ್ಯೋ, ಅವರೇನು ಮಾಡ್ತಾರ್ರೀ, ಒಳ್ಳೆಯವರು. ಇಳಿದ ತಕ್ಷಣ ಎದುರಿಗೇ ರೈಲು ಇತ್ತು, ಹತ್ತಮ್ಮ ಅಂದ್ರು. ನಾನೇ, ಪಾಸ್‌ಪೋರ್ಟ್ ಇಲ್ಲದೋಳನ್ನ ಹಾಗೆಲ್ಲ ಸುಮ್ನೆ ಬಿಟ್ಬಿಡಬಾರದು, ಸಾಯಂಕಾಲದವರೆಗೆ ಅಣ್ಣನ ಜೊತೆ ಇಲ್ಲೇ ಕೂರ್ಸಿ ಅಂದೆ.”